ಸರ್ಕಾರಿ ಜಮೀನು ಕೈ ಬದಲಾಗುವಾಗ ನೀರಿನ ಹಕ್ಕು ತಪ್ಪಿಹೋಗದಂತೆ ನೋಡಿಕೊಳ್ಳುವುದು ಹೇಗೆ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಜಮೀನಿನ ಮಾತುಕತೆಯಲ್ಲಿ ನೀರಿನ ಬಗ್ಗೆ ಕೇಳುವುದು ಒಂದೇ ಪ್ರಶ್ನೆ. ‘ಬೋರಲ್ಲಿ ಎಷ್ಟಿಂಚು ನೀರಿದೆ?’ ಎರಡಿಂಚು ಅಂದರೆ ರೇಟು ಏರುತ್ತದೆ, ಬತ್ತಿದೆ ಅಂದರೆ ಇಳಿಯುತ್ತದೆ. ಆ ಜಮೀನಿಗೆ ಕೆರೆ ತೂಬಿನಿಂದ ಸರದಿ ಇತ್ತಾ, ಮೇಲಿನವರ ಕಾಲುವೆ ಅದರೊಳಗೆ ಹಾಯುತ್ತದಾ, ಪಹಣಿಯಲ್ಲಿ ಕಾಣುವ ಖರಾಬು (ಸಾಗುವಳಿ ಲೆಕ್ಕಕ್ಕೆ ಹಿಡಿಯದ ಜಾಗ) ನಿಜಕ್ಕೂ ಹಳ್ಳವಾ ಎಂದು ಯಾರೂ ಕೇಳುವುದಿಲ್ಲ. ರಿಜಿಸ್ಟ್ರಿ ಆಗಿ, ಮೊದಲ ಜೋರು ಮಳೆ ಬಿದ್ದ ಮೇಲೆ ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಬರುತ್ತವೆ.

ವ್ಯವಹಾರದ ಒಂದು ಕಡೆ ಸರ್ಕಾರ ಇದ್ದರೆ ತೊಡಕು ಇನ್ನೂ ಜಾಸ್ತಿ. ಗೋಮಾಳ ಮಂಜೂರಾಗುತ್ತದೆ. ಕೈಗಾರಿಕಾ ಪ್ರದೇಶಕ್ಕೆ ಭೂಮಿ ಹೋಗುತ್ತದೆ. ಶಾಲೆಗೋ ಆಸ್ಪತ್ರೆಗೋ ಖಾಸಗಿ ಜಾಗ ಪಡೆದು, ಬದಲಿಗೆ ಸರ್ಕಾರಿ ಬೀಳು ಕೊಡುತ್ತಾರೆ. ಲೇಔಟ್‌ನವರು ‘ಕಾಲುವೆ ಆ ಅಂಚಿಗೆ ತಿರುಗಿಸಿಕೊಡ್ತೀವಿ’ ಅನ್ನುತ್ತಾರೆ. ಇಲ್ಲೆಲ್ಲ ಸಹಿ ಹಾಕುವವರು ಇಬ್ಬರೇ. ನೀರು ಕಳೆದುಕೊಳ್ಳುವವರು ಮಾತ್ರ ಕೆಳಗಿನ ಊರಿನವರು. ಅವರನ್ನು ಯಾರೂ ಕರೆದು ಕೇಳಿರುವುದಿಲ್ಲ.

ಕೊಳ್ಳುವವರಿಗೂ, ಕೊಡುವವರಿಗೂ, ಪಂಚಾಯ್ತಿ ಸದಸ್ಯರಿಗೂ ನಾನು ಹೇಳುವುದು ಒಂದೇ. ಮೊದಲು ನೀರಿನ ಪಟ್ಟಿ ಬರೆಯಿರಿ, ಆಮೇಲೆ ಜಮೀನಿನ ಮಾತಾಡಿ. ಆ ಪಟ್ಟಿ ಮಾಡುವುದು ಹೇಗೆ, ಅದನ್ನು ಯಾವ ಕಾಗದದಲ್ಲಿ ಹೇಗೆ ಬರೆಸುವುದು ಎಂದು ಇಲ್ಲಿ ಹೇಳುತ್ತೇನೆ.

ಮೊದಲಿಗೆ, ಯಾವ ನೀರು ಯಾರದ್ದು?

ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಎಲ್ಲಕ್ಕೂ ಬುನಾದಿ. ನದಿ, ಹಳ್ಳ, ನಾಲೆ, ಕೆರೆ, ಕಾಲುವೆ, ನಿಂತ ನೀರು, ಹರಿಯುವ ನೀರು ಇವೆಲ್ಲ ರಾಜ್ಯ ಸರ್ಕಾರದ ಸ್ವತ್ತು ಎಂದು ಅದು ಹೇಳುತ್ತದೆ. ಬೇರೆಯವರ ಹಕ್ಕು ಸ್ಥಾಪಿತವಾಗಿದ್ದರೆ ಅಷ್ಟರ ಮಟ್ಟಿಗೆ ವಿನಾಯಿತಿ. ಅಂದರೆ ನಿಮ್ಮ ಹೊಲದ ನಡುವೆ ಹಳ್ಳ ಹರಿಯುತ್ತಿದ್ದರೂ ಹಳ್ಳ ನಿಮ್ಮದಲ್ಲ. ನೀವು ಅದನ್ನು ಮಾರಲಾರಿರಿ, ಕೊಳ್ಳಲೂ ಆಗದು.

ನೆಲದ ಒಳಗಿನ ನೀರಿನ ಲೆಕ್ಕ ಬೇರೆ. 1882ರ ಈಸ್‌ಮೆಂಟ್ (ಬೇರೆಯವರ ಜಮೀನಿನ ಮೇಲೆ ದಾರಿ, ನೀರಿನಂಥ ಬಳಕೆಯ ಹಕ್ಕು) ಕಾಯ್ದೆಯ ಪ್ರಕಾರ, ನಿರ್ದಿಷ್ಟ ಹರಿವಿನಲ್ಲಿ ಸಾಗದ ಅಂತರ್ಜಲವನ್ನು ತನ್ನ ಎಲ್ಲೆಯೊಳಗೆ ತೆಗೆದು ಬಳಸುವ ಹಕ್ಕು ಜಮೀನಿನ ಮಾಲೀಕರಿಗಿದೆ. ಈ ಹಕ್ಕು ಜಮೀನಿನ ಜೊತೆಗೇ ಹೋಗುತ್ತದೆ. ಆದರೆ ಈಗ ಅದರ ಮೇಲೆ ಅಂತರ್ಜಲ ಕಾಯ್ದೆಯ ಹಿಡಿತವಿದೆ. ಅದನ್ನು ಬೋರ್‌ವೆಲ್ ಹಂತದಲ್ಲಿ ನೋಡೋಣ.

ಮೂರನೆಯದು ಅಚ್ಚುಕಟ್ಟಿನ ನೀರು. ಕೆರೆ ಹಿಂದಿನ ತರಿ (ಕೆರೆ, ಕಾಲುವೆ ನೀರಿನಿಂದ ಬೆಳೆಯುವ) ಜಮೀನಿಗೆ ತೂಬಿನಿಂದ ಬರುವ ಸರದಿ ಇದು. ತುಮಕೂರು, ಗುಬ್ಬಿ, ತುರುವೇಕೆರೆ, ತಿಪಟೂರು, ಕುಣಿಗಲ್ ಕಡೆ ಹೇಮಾವತಿ ನಾಲೆಯ ನೀರೂ ಇದೇ ಲೆಕ್ಕಕ್ಕೆ ಬರುತ್ತದೆ. ಇದು ಬಳಕೆಯ ಹಕ್ಕು, ಮಾಲೀಕತ್ವ ಅಲ್ಲ.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ನೀರಿನ ದಾರಿ. ಪಕ್ಕದವರ ಬದುವಿನ ಮೇಲೆ ಬರುವ ಕಾಲುವೆ, ಇನ್ನೊಬ್ಬರ ಹೊಲದಲ್ಲಿರುವ ಬಾವಿಯಲ್ಲಿ ಕಾಲು ಭಾಗ, ಹೂತಿಟ್ಟ ಪೈಪು. ನ್ಯಾಯಾಲಯಕ್ಕೆ ಹೋಗುವ ಜಗಳ ಜಾಸ್ತಿ ಹುಟ್ಟುವುದು ಇಲ್ಲೇ.

ಹಂತ 1: ನೀರು ಬರುವ ದಾರಿಯಲ್ಲಿ ನಡೆದು ನೋಡಿ

ಬ್ರೋಕರ್ ತೋರಿಸುವುದು ರಸ್ತೆ ಕಡೆಯಿಂದ. ನೀವು ಹಳ್ಳದ ಕಡೆಯಿಂದ ನೋಡಿ. ಸಾಧ್ಯವಾದರೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ಮಳೆ ಬಿದ್ದ ಮರುದಿನ ಹೋಗಿ. ಬೇಸಿಗೆಯಲ್ಲಿ ಜೆಸಿಬಿ ಸಮ ಮಾಡಿದ ನೆಲ ಏನನ್ನೂ ಹೇಳುವುದಿಲ್ಲ. ಮಳೆಯಾದ ಮರುದಿನ ನೀರೇ ತನ್ನ ಹಳೆಯ ದಾರಿ ತೋರಿಸುತ್ತದೆ.

ಜಮೀನಿನಿಂದ ಮೇಲಕ್ಕೆ, ನೀರು ಎಲ್ಲಿಂದ ಇಳಿಯುತ್ತದೋ ಅಲ್ಲಿಯವರೆಗೆ ನಡೆಯಿರಿ. ಆಮೇಲೆ ಕೆಳಕ್ಕೆ, ಮುಂದಿನ ಕೆರೆಯ ಅಂಗಳದವರೆಗೆ. ನಮ್ಮ ಸೀಮೆಯಲ್ಲಿ ಕೆರೆಗಳು ಸಾಲು ಸಾಲಾಗಿವೆ. ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಗೆ ಆಧಾರ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲ ಇಲ್ಲೇ ಹುಟ್ಟಿದರೂ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಅದಕ್ಕೇ ಮೂರು ಗುಂಟೆಯ ಕಾಲುವೆ ಮುಚ್ಚಿದರೂ ಮೂವತ್ತು ಎಕರೆ ಅಚ್ಚುಕಟ್ಟು ಒಣಗಬಹುದು.

ಊರಿನ ನೀರಗಂಟಿ (ತೂಬು ಎತ್ತಿ ಸರದಿಯಂತೆ ನೀರು ಹಂಚುವವರು) ಮನೆತನದವರು ಇದ್ದರೆ ಅವರನ್ನು ಮಾತಾಡಿಸಿ. ಸರದಿ ಯಾವ ತೂಬಿನಿಂದ, ಯಾರಾದ ಮೇಲೆ ಯಾರು, ಕೊನೆಯ ಸಲ ಯಾವ ವರ್ಷ ತೂಬು ಎತ್ತಿದ್ದು ಎಂಬುದು ಅವರ ಬಾಯಲ್ಲಿರುತ್ತದೆ. ಯಾವ ಕಚೇರಿಯ ಕಡತದಲ್ಲೂ ಅಷ್ಟು ಸ್ಪಷ್ಟವಾಗಿ ಸಿಗದು. ಹೇಳಿದ್ದನ್ನು ಬರೆದುಕೊಳ್ಳಿ. ಹೆಸರು, ತಾರೀಕು ಹಾಕಿ.

ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆಯವರು ಒಂದು ವಿಷಯ ಗಮನಿಸಬೇಕು. ಅಲ್ಲಿ ತಲಪರಿಗೆಗಳಿವೆ. ಮರಳು ನೆಲದಿಂದ ತಾನಾಗಿ ಜಿನುಗುವ ಒರತೆ ಅವು. ಕಾಗದದಲ್ಲಿ ಅವು ಬರೀ ಖರಾಬು ಅಥವಾ ಸರ್ಕಾರಿ ಬೀಳು ಎಂದು ಇರಬಹುದು. ಒಣಗಿದ ವರ್ಷ ನೋಡಿದವರಿಗೆ ಬರೀ ಗುಂಡಿ ಕಾಣುತ್ತದೆ. ಗೋಕಟ್ಟೆ, ಕುಂಟೆ, ಕಲ್ಯಾಣಿಗಳ ಕಥೆಯೂ ಇದೇ. ಒಂದು ಬಿಳಿ ಹಾಳೆಯಲ್ಲಿ ಇವನ್ನೆಲ್ಲ ಗುರುತು ಮಾಡಿ, ಮೊಬೈಲಿನಲ್ಲಿ ಸ್ಥಳದ ಗುರುತಿನ ಸಮೇತ ಫೋಟೋ ತೆಗೆಯಿರಿ. ಮುಂದಿನ ಪ್ರತಿ ಹಂತಕ್ಕೂ ಈ ಹಾಳೆ ಬೇಕು.

ಹಂತ 2: ಕಾಗದಗಳನ್ನು ನೀರಿಗಾಗಿ ಓದಿ

ಪಹಣಿಯನ್ನು ಎಲ್ಲರೂ 9ನೇ ಕಾಲಂ, ಅಂದರೆ ಮಾಲೀಕರ ಹೆಸರು ನೋಡಲು ತೆಗೆಯುತ್ತಾರೆ. ನೀರಿಗಾಗಿ ನೋಡಬೇಕಾದ ಜಾಗ ಬೇರೆ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಎ ಖರಾಬು, ಬಿ ಖರಾಬು, ಉಳಿದದ್ದು ಎಂದು ಬಿಡಿಸಿ ಬರೆದಿರುತ್ತದೆ (ಎ, ಬಿ ಎಂದರೇನು ಎಂಬುದು ಹಂತ 3ರಲ್ಲಿದೆ). ನೀರಾವರಿ ಮೂಲ ಬರೆಯುವ ಅಂಕಣದಲ್ಲಿ ಕೆರೆಯೋ, ಬಾವಿಯೋ, ಕೊಳವೆ ಬಾವಿಯೋ ನೋಡಿ. 11ನೇ ಕಾಲಂನಲ್ಲಿ ಇತರರ ಹಕ್ಕು ಮತ್ತು ಋಣಗಳು ಬರುತ್ತವೆ. ಜಮೀನು ಖುಷ್ಕಿಯೋ (ಮಳೆ ಆಧಾರಿತ), ತರಿಯೋ, ಬಾಗಾಯ್ತೋ (ತೋಟ) ಎಂಬುದೂ ಗೊತ್ತಾಗಬೇಕು. ತರಿ ಎಂದು ದಾಖಲಾಗಿದ್ದರೆ ಆ ಜಮೀನಿಗೆ ಕೆರೆ ನೀರಿನ ಸಂಬಂಧ ಇತ್ತು ಎನ್ನಲು ಅದೇ ಬಲವಾದ ಸುಳಿವು.

ಈಗಿನ ಪಹಣಿ ಒಂದೇ ಸಾಲದು. ಕೈಬರಹದ ಹಳೆಯ ಪಹಣಿಗಳನ್ನೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಿ. ಕಂಪ್ಯೂಟರಿಗೆ ಏರಿಸುವಾಗ ನೀರಿನ ಕಾಲಂ ಖಾಲಿ ಬಿಟ್ಟಿರುವುದು ಎಷ್ಟೋ ಇದೆ.

ಪಹಣಿಗಿಂತ ಮುಖ್ಯವಾದವು ಸರ್ವೆ ದಾಖಲೆಗಳು. ಆಕಾರ್‌ಬಂದ್, ಮೂಲ ಟಿಪ್ಪಣಿ, ಗ್ರಾಮ ನಕಾಶೆ ಈ ಮೂರನ್ನೂ ಪಡೆಯಿರಿ. ಖರಾಬು ಎಷ್ಟು ಎಂದು ಆಕಾರ್‌ಬಂದ್ ಹೇಳುತ್ತದೆ. ಅದು ಜಮೀನಿನ ಯಾವ ಕಡೆ ಇದೆ ಎಂದು ಟಿಪ್ಪಣಿ ಹೇಳುತ್ತದೆ. ಹಳ್ಳ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಗ್ರಾಮ ನಕಾಶೆಯಲ್ಲಿ ಕಾಣುತ್ತದೆ. ಮೂರೂ ಒಂದೇ ಮಾತು ಹೇಳಬೇಕು. ಹೇಳದಿದ್ದರೆ ಅಲ್ಲೇ ನಿಲ್ಲಿ, ಸರ್ವೆ ಇಲಾಖೆಯಿಂದ ಸ್ಪಷ್ಟನೆ ಕೇಳಿ. ದಿಶಾಂಕ್ ಆ್ಯಪ್ ಜಾಗದಲ್ಲಿ ನಿಂತು ಸರ್ವೆ ನಂಬರ್ ತಿಳಿಯಲು ಚೆನ್ನಾಗಿದೆ, ಆದರೆ ಅದರ ಗೆರೆಯನ್ನೇ ಗಡಿ ಎಂದು ನಂಬಿ ಹಣ ಕೊಡಬೇಡಿ.

ನಿಮ್ಮ ಮೇಲಿನ ಮತ್ತು ಕೆಳಗಿನ ಸರ್ವೆ ನಂಬರುಗಳ ಪಹಣಿಯನ್ನೂ ತೆಗೆಯಿರಿ. ಖರ್ಚು ತೀರಾ ಕಡಿಮೆ. ಮೇಲಿನವರಲ್ಲಿ ಬಿ ಖರಾಬು ಇದ್ದು, ಕೆಳಗಿನವರಲ್ಲೂ ಇದ್ದು, ನಡುವಿನ ನಿಮ್ಮದರಲ್ಲಿ ಮಾತ್ರ ಸೊನ್ನೆ ಇದ್ದರೆ ಹಳ್ಳ ಹಾರಿ ಹೋಗಿರಲಾರದು, ಅಲ್ವಾ? ಯಾರೋ ದಾಖಲೆ ತಿದ್ದಿದ್ದಾರೆ ಅಥವಾ ನಮೂದು ಬಿಟ್ಟುಹೋಗಿದೆ.

ಹಳೆಯ ಕುಟುಂಬದ ಜಮೀನಾದರೆ ವಿಭಾಗ ಪತ್ರಗಳನ್ನು ಓದದೆ ಮುಂದೆ ಹೋಗಬೇಡಿ. ‘ಬಾವಿಯಲ್ಲಿ ಅರ್ಧ ಭಾಗ’, ‘ವಾರದಲ್ಲಿ ಎರಡು ದಿನ ನೀರು’ ಎಂಬ ಮಾತುಗಳು ಅಲ್ಲಿರುತ್ತವೆ, ಪಹಣಿಗೆ ಬಂದಿರುವುದಿಲ್ಲ.

ಹಂತ 3: ಬಿ ಖರಾಬು ಎಷ್ಟೆಂದು ಲೆಕ್ಕ ಹಾಕಿ

ಭೂ ಕಂದಾಯ ನಿಯಮಗಳು 1966ರ 21ನೇ ನಿಯಮದಲ್ಲಿ ಖರಾಬಿಗೆ ಎರಡು ಬಗೆ ಇದೆ. ಬಂಡೆ, ಕಣ, ಹೊಲದ ಮನೆ ಹೀಗೆ ಸಾಗುವಳಿಗೆ ಬಾರದ್ದು ಎ ಖರಾಬು. ಸಾರ್ವಜನಿಕ ಬಳಕೆಗೆ ಬಿಟ್ಟದ್ದು ಬಿ ಖರಾಬು. ದಾರಿ, ಸ್ಮಶಾನ, ಬೇರೆಯವರೂ ನೀರಾವರಿಗೆ ಬಳಸುವ ಕೆರೆ ಅಥವಾ ಹಳ್ಳ ಇದರಲ್ಲಿ ಬರುತ್ತದೆ.

ಒಂದು ಲೆಕ್ಕ ನೋಡಿ. ಗೌರಿಬಿದನೂರು ಕಡೆ ಒಂದು ಸರ್ವೆ ನಂಬರು 5 ಎಕರೆ 10 ಗುಂಟೆ ಇದೆ ಎಂದುಕೊಳ್ಳಿ. ಎ ಖರಾಬು 8 ಗುಂಟೆ, ಬಿ ಖರಾಬು 22 ಗುಂಟೆ. ಎಕರೆಗೆ 40 ಗುಂಟೆಯಂತೆ ಒಟ್ಟು 210 ಗುಂಟೆ. ಎರಡೂ ಖರಾಬು ಕಳೆದರೆ ಸಾಗುವಳಿ ಜಮೀನು 180 ಗುಂಟೆ, ಅಂದರೆ 4 ಎಕರೆ 20 ಗುಂಟೆ. ಮಾರುವವರು ‘ಖರಾಬು ಸೇರಿ ಐದೂಕಾಲು ಎಕರೆ’ ಎಂದು ರೇಟು ಕಟ್ಟುತ್ತಾರೆ. ಅದರಲ್ಲಿ 22 ಗುಂಟೆ ಅವರದ್ದೇ ಅಲ್ಲ. ಅದಕ್ಕೆ ಕೊಟ್ಟ ಹಣ ನೀರುಪಾಲು. ಆ 22 ಗುಂಟೆಗೆ ಬೇಲಿ ಹಾಕಿದರೆ ಭೂ ಕಂದಾಯ ಕಾಯ್ದೆಯ 104ನೇ ಸೆಕ್ಷನ್ ಅಡಿ ತೆರವು ಮಾಡಿಸಬಹುದು, 192ಎ ಅಡಿ ಕ್ರಿಮಿನಲ್ ಕೇಸೂ ಬರಬಹುದು. ಒಪ್ಪಂದಕ್ಕೆ ಮೊದಲೇ ಬಿ ಖರಾಬನ್ನು ವಿಸ್ತೀರ್ಣದಿಂದ ಹೊರಗಿಡಿ, ಅದು ಎಲ್ಲಿದೆ ಎಂದು ಮಾತ್ರ ಪತ್ರದಲ್ಲಿ ಬರೆಸಿ.

ಕೆರೆ ಅಂಗಳದ ಜಾಗಕ್ಕೆ ಯಾರಾದರೂ ಹಳೆಯ ಮಂಜೂರಾತಿ ಕಾಗದ ತೋರಿಸಿದರೆ ಇನ್ನೂ ಎಚ್ಚರ ಬೇಕು. ಕೆರೆಕುಂಟೆಗಳ ಜಾಗವನ್ನು ಹಂಚುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2001ರ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಹೇಳಿದೆ. 2011ರ ಜಗಪಾಲ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಗಿ, ಊರೊಟ್ಟಿನ ಜಾಗದ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಎಂದಿತು. ಮನೆ ಕಟ್ಟಿದ್ದೇನೆ, ತುಂಬಾ ವರ್ಷದಿಂದ ಅನುಭವದಲ್ಲಿದ್ದೇನೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಹಂತ 4: ಅಳತೆ ಮಾಡಿಸಿ

ಪೂರ್ತಿ ಸರ್ವೆ ನಂಬರ್ ಕೊಳ್ಳುವುದಾದರೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಅರ್ಜಿ ಹಾಕಿ. ಭಾಗ ಕೊಳ್ಳುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಹೇಗೂ ಬೇಕು, ಅದಿಲ್ಲದೆ ನೋಂದಣಿ ಆಗದು. ಎರಡರಲ್ಲೂ ಸರ್ವೇಯರಿಗೆ ನಿಮ್ಮ ಹಾಳೆ ತೋರಿಸಿ, ಹಳ್ಳ, ಕಾಲುವೆ, ಬಾವಿ, ತೂಬು ನಕ್ಷೆಯಲ್ಲಿ ಬರಲೇಬೇಕು ಎಂದು ಕೇಳಿ. ಪಕ್ಕದವರಿಗೆ ನೋಟಿಸ್ ಹೋಗಿ, ಅವರು ಬಂದು ಸಹಿ ಹಾಕಿದ ಅಳತೆಗೆ ಮುಂದೆ ಬೆಲೆ ಇದೆ.

ಹಂತ 5: ಬೋರ್‌ವೆಲ್‌ನ ಕಾಗದಗಳು

ನಮ್ಮ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿದ ಬೋರು ಈಗ ಸಾಮಾನ್ಯ. ಕೋಲಾರ, ಚಿಕ್ಕಬಳ್ಳಾಪುರದ ಬಹುತೇಕ ತಾಲ್ಲೂಕು, ತುಮಕೂರಿನ ಹಲವು ತಾಲ್ಲೂಕು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಅಂತರ್ಜಲ ಕಾಯ್ದೆ 2011ರ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಹೊಸ ಬೋರು ಕೊರೆಸಲು ಅನುಮತಿ ಬೇಕು, ಇರುವ ಬೋರನ್ನೂ ನೋಂದಾಯಿಸಬೇಕು. ಹಾಗಾಗಿ ಮಾರುವವರ ಹತ್ತಿರ ಅನುಮತಿ ಅಥವಾ ನೋಂದಣಿ ಪತ್ರ ಕೇಳಿ. ಇಲ್ಲ ಅಂದರೆ ಆ ಎರಡಿಂಚು ನೀರು ಕಾನೂನಿನ ಕಣ್ಣಿಗೆ ಅಲುಗಾಡುವ ನೀರು.

ಇನ್ನೊಂದು ಹಳೆಯ ಕಾಯ್ದೆ ಇದೆ, 1999ರದ್ದು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. ‘ಬೋರು ಇಲ್ಲ, ನೀವೇ ಕೊರೆಸಿಕೊಳ್ಳಿ’ ಎಂದು ಅಗ್ಗಕ್ಕೆ ಬರುವ ಜಮೀನಿನ ಪಕ್ಕದಲ್ಲೇ ಪಂಚಾಯ್ತಿ ಬೋರು ಇದ್ದರೆ ಅಗ್ಗದ ಕಾರಣ ಅದೇ ಇರಬಹುದು. ಟೇಪು ಹಿಡಿದು ಅಳೆಯಿರಿ.

ಕರೆಂಟಿನ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ನಂಬರ್) ಯಾರ ಹೆಸರಲ್ಲಿದೆ ನೋಡಿ. ಪಂಪ್‌ಸೆಟ್ ಸಂಪರ್ಕ ಅಜ್ಜನ ಹೆಸರಲ್ಲೇ ಉಳಿದಿರುವುದು ಸಾಮಾನ್ಯ. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಉಚಿತ ವಿದ್ಯುತ್ ಇರುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆ ನಂಬರಿನ ವಾರಸುದಾರ ಒಬ್ಬ ತಕರಾರು ಎತ್ತಿದರೆ ಬೋರು ನಿಮ್ಮದು, ಕರೆಂಟು ಅವನದು ಎಂಬಂತಾಗುತ್ತದೆ. ಸರ್ಕಾರದ ಅಭಿವೃದ್ಧಿ ನಿಗಮಗಳು ಕೊರೆಸಿಕೊಡುವ ಗಂಗಾ ಕಲ್ಯಾಣ ಯೋಜನೆಯ ಬೋರಾದರೆ ನಿಗಮದ ಷರತ್ತು ಮತ್ತು ಸಾಲದ ಬಾಕಿ ವಿಚಾರಿಸಿ. ಬತ್ತಿದ ಬೋರುಗಳಿದ್ದರೆ ಮುಚ್ಚಿಸಿಯೇ ಜಮೀನು ವಹಿಸಿಕೊಳ್ಳಿ. ಇದು ಬರೀ ಕಾಗದದ ಮಾತಲ್ಲ, ಮಕ್ಕಳ ಜೀವದ ಪ್ರಶ್ನೆ.

ಬ್ರೋಕರ್‌ಗಳು ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ (ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗೆ ತರುವ ಯೋಜನೆಗಳು), ಎತ್ತಿನಹೊಳೆ (ಪಶ್ಚಿಮ ಘಟ್ಟದಿಂದ ನೀರು ತರುವ ಯೋಜನೆ) ಹೆಸರಲ್ಲಿ ರೇಟು ಏರಿಸುತ್ತಾರೆ. ವಿಷಯ ಸ್ಪಷ್ಟವಿರಲಿ. ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದರ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಏರಿಸುವುದು. ಕಾಲುವೆಗೋ ಕೆರೆಗೋ ಮೋಟರ್ ಇಟ್ಟು ಎಳೆಯುವ ಹಕ್ಕು ಅದರಿಂದ ಯಾರಿಗೂ ಬಂದಿಲ್ಲ. ಎತ್ತಿನಹೊಳೆಯ 24 ಟಿಎಂಸಿ ಲೆಕ್ಕವೂ ಕುಡಿಯುವ ನೀರಿಗೆ ಮತ್ತು ಕೆರೆ ತುಂಬಿಸಲು ಮಾಡಿದ್ದು. ಇವುಗಳಿಂದ ಬೋರಿನ ನೀರು ಏರಿದರೆ ಸಂತೋಷ. ಆದರೆ ಅದನ್ನು ಹಕ್ಕು ಎಂದು ಯಾರೂ ನಿಮಗೆ ಮಾರಲಾರರು.

ಹಂತ 6: ಕ್ರಯಪತ್ರದಲ್ಲಿ ನೀರನ್ನು ಹೆಸರಿಟ್ಟು ಬರೆಸಿ

ಪತ್ರ ಬರೆಯುವವರು ಎಲ್ಲ ಕ್ರಯಪತ್ರಕ್ಕೂ ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ’ ಎಂಬ ಸಾಲು ಸೇರಿಸುತ್ತಾರೆ. ಜಲ ಬಂತಲ್ಲ, ಸಾಕು ಎಂದುಕೊಳ್ಳಬೇಡಿ. ಪಕ್ಕದವರ ಬದುವಿನ ಮೇಲಿನ ಕಾಲುವೆಯನ್ನು ಆ ಒಂದು ಪದದಿಂದ ಸಾಬೀತು ಮಾಡುವುದು ಕಷ್ಟ.

ಈಸ್‌ಮೆಂಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಜಮೀನು ವರ್ಗವಾದರೆ ಅದಕ್ಕೆ ಅಂಟಿದ ಈಸ್‌ಮೆಂಟ್ ಹಕ್ಕೂ ವರ್ಗವಾಗುತ್ತದೆ. ಬೇರೆ ಉದ್ದೇಶ ಕಂಡುಬಂದರೆ ಮಾತ್ರ ಇಲ್ಲ. ಕಾನೂನು ನಿಮ್ಮ ಪರವಾಗಿದೆ, ನಿಜ. ಆದರೆ ಆ ಹಕ್ಕು ಇತ್ತು ಎಂದು ತೋರಿಸುವ ಹೊರೆ ನಿಮ್ಮದೇ. ರೂಢಿಯಿಂದ ಬಂದ ಹಕ್ಕಾದರೆ 15ನೇ ಸೆಕ್ಷನ್ ಪ್ರಕಾರ ಖಾಸಗಿಯವರ ಜಮೀನಿನ ಮೇಲೆ 20 ವರ್ಷ, ಸರ್ಕಾರಿ ಜಮೀನಿನ ಮೇಲೆ 30 ವರ್ಷ, ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದೇ ಬಳಸಿರಬೇಕು. ಕೇಳಿ ಪಡೆದು ಬಳಸಿದ್ದರೆ ಅದು ಹಕ್ಕಾಗದು. ನೀರಗಂಟಿ ಹೇಳಿದ್ದನ್ನು ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಬರೆಸಬೇಕಾದ ಮಾತು ಹೀಗಿರಲಿ, ನಿಮ್ಮ ಜಮೀನಿಗೆ ತಕ್ಕಂತೆ ಬದಲಿಸಿಕೊಳ್ಳಿ:

‘ಷೆಡ್ಯೂಲ್ ಜಮೀನಿಗೆ ಸರ್ವೆ ನಂ. ____ರ ಕೆರೆಯ ____ ತೂಬಿನಿಂದ, ಸರ್ವೆ ನಂ. ____ರ ಉತ್ತರ ಬದುವಿನ ಮೇಲೆ ಹಾಯ್ದು ಬರುವ ಕಾಲುವೆಯ ಮೂಲಕ ನೀರು ಹಾಯಿಸಿಕೊಳ್ಳುವ ರೂಢಿಯ ಹಕ್ಕು ಮತ್ತು ಆ ಕಾಲುವೆಯನ್ನು ಹೂಳೆತ್ತಿ ಸರಿಪಡಿಸಿಕೊಳ್ಳುವ ಹಕ್ಕು ಈ ಕ್ರಯದಲ್ಲಿ ಸೇರಿರುತ್ತದೆ.’

‘ಷೆಡ್ಯೂಲ್ ಜಮೀನಿನ ಪೂರ್ವಕ್ಕೆ ಇರುವ ____ ಗುಂಟೆ ಬಿ ಖರಾಬು ಹಳ್ಳವು ಸರ್ಕಾರಿ ಸ್ವತ್ತಾಗಿದ್ದು ಈ ಕ್ರಯದಲ್ಲಿ ಸೇರಿರುವುದಿಲ್ಲ. ಅದರ ಹರಿವಿಗೆ ಉಭಯ ಪಕ್ಷದವರೂ ಅಡ್ಡಿ ಮಾಡತಕ್ಕದ್ದಲ್ಲ.’

ಎರಡನೆಯದನ್ನು ಬರೆಸಲು ಕೊಳ್ಳುವವರು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ನಾಳೆ ತಹಶೀಲ್ದಾರ್ ನೋಟಿಸ್ ಬಂದರೆ ನಿಮ್ಮನ್ನು ಕಾಯುವುದು ಈ ಸಾಲೇ. ಪಾಲು ಬಾವಿಯಾದರೆ ಎಷ್ಟು ಭಾಗ, ವಾರದಲ್ಲಿ ಯಾವ ದಿನ, ಮೋಟರ್ ರಿಪೇರಿ ಖರ್ಚು ಯಾರದ್ದು, ಪೈಪು ಯಾವ ದಾರಿಯಲ್ಲಿ ಎಂಬುದೆಲ್ಲ ಬರಲಿ. ಬಾವಿ ಬೇರೆಯವರ ಜಮೀನಿನಲ್ಲಿದ್ದರೆ ಅವರನ್ನೂ ಒಪ್ಪಿಗೆದಾರರಾಗಿ ಸಹಿ ಹಾಕಿಸಿ.

ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿಯ (ಮಂಜೂರಾತಿ ಪತ್ರದ) ಹಿಂಬದಿಯ ಷರತ್ತುಗಳನ್ನೂ ಓದಿ. ಇಂತಿಷ್ಟು ವರ್ಷ ಪರಭಾರೆ ಇಲ್ಲ ಎಂಬುದು ಅಲ್ಲೇ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ (ಇಂಥ ಜಮೀನಿನ ಪರಭಾರೆ ನಿಷೇಧ) ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಜಮೀನೇ ನಿಲ್ಲದಿದ್ದರೆ ನೀರಿನ ಹಕ್ಕು ಎಲ್ಲಿ ನಿಲ್ಲುತ್ತದೆ?

ಹಂತ 7: ಸರ್ಕಾರಿ ಜಾಗದ ಜೊತೆ ಅದಲು ಬದಲು

ಊರಿಗೆ ಹೆಚ್ಚು ಹಾನಿ ಆಗುವುದು ಇಲ್ಲಿಯೇ. ಹೊರಗಿನಿಂದ ನೋಡಿದರೆ ನ್ಯಾಯವಾಗೇ ಕಾಣುತ್ತದೆ. ಎರಡು ಎಕರೆ ಕೊಟ್ಟರು, ಎರಡು ಎಕರೆ ತೆಗೆದುಕೊಂಡರು. ಆದರೆ ಸರ್ಕಾರ ಕೊಟ್ಟದ್ದು ಕೆರೆಯ ಜಲಾನಯನದ ಎರಡು ಎಕರೆ, ಬಂದದ್ದು ಗುಡ್ಡದ ಎರಡು ಎಕರೆ.

ಮೊದಲು ಕೇಳಬೇಕಾದದ್ದು: ಆ ಸರ್ಕಾರಿ ಜಾಗ ಯಾವ ಬಗೆಯದ್ದು? ಗೋಮಾಳವಾದರೆ ಭೂ ಕಂದಾಯ ನಿಯಮಗಳ 97ನೇ ನಿಯಮ ಅಡ್ಡ ಬರುತ್ತದೆ. ಊರಿನ 100 ರಾಸುಗಳಿಗೆ 12 ಹೆಕ್ಟೇರಿನಂತೆ ಹುಲ್ಲುಗಾವಲು ಉಳಿಯಬೇಕು. ಗೋಮಾಳದೊಳಗಿನ ಗೋಕಟ್ಟೆ, ಅದಕ್ಕೆ ನೀರು ತರುವ ಇಳಿಜಾರು ಇವೂ ಲೆಕ್ಕಕ್ಕೆ ಬರಲಿ. ಕೆರೆ, ಹಳ್ಳ, ಕಾಲುವೆಯಾದರೆ ಅದಲು ಬದಲಿನ ಮಾತೇ ಸಲ್ಲದು ಎಂಬುದು ನನ್ನ ಖಚಿತ ನಿಲುವು.

ಕಾಲುವೆ ತಿರುಗಿಸುವ ಪ್ರಸ್ತಾಪಗಳಲ್ಲಿ ಭೂ ಕಂದಾಯ ಕಾಯ್ದೆಯ 68ನೇ ಸೆಕ್ಷನ್ ಹೆಸರು ಕೇಳಿಬಂದರೆ ಆ ಸೆಕ್ಷನ್ ತೆಗೆದು ಓದಿ. ಸಾರ್ವಜನಿಕರಿಗೆ ಬೇಡವಾದ ರಸ್ತೆ, ಬೀದಿ, ಓಣಿ, ದಾರಿಯ ಮೇಲಿನ ಹಕ್ಕು ಕೊನೆಗೊಳಿಸುವುದು ಅದರ ವಿಷಯ. ಹಳ್ಳ, ಕೆರೆ, ಕಾಲುವೆ ಅದರಲ್ಲಿಲ್ಲ. ಸರ್ಕಾರಿ ಜಮೀನಿನ ವಿಲೇವಾರಿಗೆ 69ನೇ ಸೆಕ್ಷನ್ ಇದೆ, ಅದೂ ನಿಯಮಗಳಿಗೆ ಒಳಪಟ್ಟು. ಆದ್ದರಿಂದ ‘ಡಿಸಿ ಸಾಹೇಬರು ಒಪ್ಪಿದ್ದಾರೆ’ ಎಂಬ ಬಾಯಿ ಮಾತು ಬೇಡ. ಯಾವ ಸೆಕ್ಷನ್ ಅಡಿ, ಯಾವ ನಂಬರಿನ ಆದೇಶ ಎಂದು ಕಾಗದ ಕೇಳಿ.

ಆದೇಶಕ್ಕೆ ಮೊದಲು ಮೂರು ಕಡೆಯ ಲಿಖಿತ ಅಭಿಪ್ರಾಯ ಕಡತದಲ್ಲಿ ಇರುವಂತೆ ಒತ್ತಾಯಿಸಿ. ಮೊದಲನೆಯದು ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರದ್ದು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಸಾಮಾನ್ಯವಾಗಿ ಪಂಚಾಯ್ತಿ ಕಡೆ, 40ರಿಂದ 2000 ಹೆಕ್ಟೇರಿನದ್ದು ಸಣ್ಣ ನೀರಾವರಿ ಇಲಾಖೆ ಕಡೆ. ಎರಡನೆಯದು ಸರ್ವೆ ಇಲಾಖೆಯದ್ದು, ಎರಡೂ ಜಾಗದ ಹರಿವಿನ ನಕ್ಷೆ ಸಮೇತ. ಮೂರನೆಯದು ಗ್ರಾಮ ಸಭೆಯದ್ದು. ನಿಮ್ಮ ಊರಿನ ಸಭೆ ಮಾತ್ರ ಸಾಲದು, ಕೋಡಿ ಹರಿದು ಹೋಗುವ ಕೆಳಗಿನ ಊರಿನದ್ದೂ ಬೇಕು. ಕಾನೂನು ಇದನ್ನು ಪ್ರತಿ ಸಲ ಕೇಳದಿರಬಹುದು. ಆದರೂ ಕೇಳಿ. ಕಡತಕ್ಕೆ ಒಮ್ಮೆ ಸೇರಿದ ಆಕ್ಷೇಪಣೆಗೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ.

ಖಾಸಗಿಯವರ ನಡುವಿನ ಅದಲು ಬದಲಿಗೂ ಎರಡು ಮಾತು. ಆಸ್ತಿ ವರ್ಗಾವಣೆ ಕಾಯ್ದೆಯ 119ನೇ ಸೆಕ್ಷನ್ ಪ್ರಕಾರ, ಎದುರಿನವರ ಹಕ್ಕಿನ ದೋಷದಿಂದ ನಿಮಗೆ ಬಂದ ಜಮೀನು ಕೈತಪ್ಪಿದರೆ ಪರಿಹಾರ ಕೇಳಬಹುದು, ನೀವು ಕೊಟ್ಟದ್ದು ಅವರ ಬಳಿಯೇ ಇದ್ದರೆ ವಾಪಸ್ಸೂ ಕೇಳಬಹುದು. ನೀರಿಗೂ ಅದೇ ಭರವಸೆ ಬೇಕಿದ್ದರೆ ಪತ್ರದಲ್ಲಿ ಬೇರೆಯಾಗಿ ಬರೆಸಿ: ‘ಮೇಲ್ಕಂಡ ನೀರಿನ ಹಕ್ಕುಗಳು ಅದಲು ಬದಲಿನ ಮೌಲ್ಯದ ಭಾಗವಾಗಿರುತ್ತವೆ.’

ಹಂತ 8: ಸರ್ಕಾರವೇ ನಿಮ್ಮ ಜಮೀನು ತೆಗೆದುಕೊಳ್ಳುವಾಗ

2013ರ ಭೂಸ್ವಾಧೀನ ಕಾಯ್ದೆಯ ಅಡಿ ಆದರೆ ಸಾಮಾಜಿಕ ಪರಿಣಾಮದ ಅಧ್ಯಯನದಲ್ಲಿ ಕುಡಿಯುವ ನೀರಿನ ಮೂಲ, ದನಕರುಗಳ ನೀರಿನ ಮೂಲ, ಊರ ಕೊಳ, ಗೋಮಾಳ ಇವನ್ನೆಲ್ಲ ನೋಡಬೇಕು ಎಂದಿದೆ. ಆ ಸಭೆಗೆ ನಿಮ್ಮ ನೀರಿನ ಹಾಳೆ ತೆಗೆದುಕೊಂಡು ಹೋಗಿ.

ನರಸಾಪುರ, ವೇಮಗಲ್, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಿಗೆ ಭೂಮಿ ಹೋಗುವುದು ಬೇರೆ ದಾರಿಯಲ್ಲಿ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಸೆಕ್ಷನ್ ಅಡಿ ನೋಟಿಸ್ ಬರುತ್ತದೆ. ಬಹಳ ಜನ ಪರಿಹಾರದ ಮೊತ್ತದ ಬಗ್ಗೆ ಮಾತ್ರ ಆಕ್ಷೇಪಣೆ ಬರೆಯುತ್ತಾರೆ. ಗಡುವಿನೊಳಗೆ ನೀರಿನ ಬಗ್ಗೆಯೂ ಬರೆಯಿರಿ: ಯಾವ ಸರ್ವೆ ನಂಬರಿನಲ್ಲಿ ಹಳ್ಳ ಇದೆ, ಅದು ಯಾವ ಕೆರೆಗೆ ಹೋಗುತ್ತದೆ, ಅದನ್ನು ಬಡಾವಣೆ ನಕ್ಷೆಯಲ್ಲಿ ಹಳ್ಳವಾಗೇ ಉಳಿಸಬೇಕು. ಬಾವಿ, ಬೋರು, ಪೈಪು, ಕೃಷಿಹೊಂಡ, ಮರ ಎಲ್ಲವೂ ಜಂಟಿ ಅಳತೆಯ ಮಹಜರಿನಲ್ಲಿ ಬರದೆ ಸಹಿ ಹಾಕಬೇಡಿ. ಅರ್ಧ ಜಮೀನು ಹೋಗಿ, ಬೋರೂ ಆ ಹೋದ ಅರ್ಧದಲ್ಲೇ ಸೇರಿಹೋದರೆ, ಉಳಿದ ಅರ್ಧಕ್ಕೆ ನೀರಿಲ್ಲದಾದ ನಷ್ಟವನ್ನೂ ಬೇರೆಯಾಗಿ ಕೇಳಿ.

ಪಾವಗಡದ ಸೋಲಾರ್ ಪಾರ್ಕಿನಲ್ಲಿ ರೈತರು ಮಾರದೆ ಗುತ್ತಿಗೆಗೆ ಕೊಟ್ಟರು. ಅಂಥ ಗುತ್ತಿಗೆಗೂ ನೀರಿನ ಪಟ್ಟಿ ಬೇಕು. ಅವಧಿ ಮುಗಿದು ಜಮೀನು ವಾಪಸ್ ಬಂದಾಗ ಬದು, ಕಾಲುವೆ, ಬಾವಿ ಯಾವ ಸ್ಥಿತಿಯಲ್ಲಿರಬೇಕು ಎಂದು ಇಂದೇ ಬರೆದಿಡದಿದ್ದರೆ ಅಂದು ಹೇಳುವವರು ಯಾರೂ ಇರುವುದಿಲ್ಲ.

ಹಂತ 9: ನೋಂದಣಿ ಆದ ಮೇಲೆ

ಖಾತೆ ಬದಲಾವಣೆ ಆದಾಗ ನೀರಾವರಿ ಮೂಲದ ನಮೂದು ಹೊಸ ಪಹಣಿಗೂ ಬಂದಿದೆಯಾ ನೋಡಿ. ಬಾರದಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಡಿ. ಆರ್.ಆರ್. ನಂಬರ್ ವರ್ಗಾಯಿಸಿ. ನೀರು ಕಂದಾಯದ ಬಾಕಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕೆರೆ ಬಳಕೆದಾರರ ಸಂಘ ಇದ್ದರೆ ಸದಸ್ಯರಾಗಿ. ಹೂಳೆತ್ತುವ ದಿನ ಜೊತೆಗೆ ನಿಂತವರ ಹಕ್ಕನ್ನು ಊರು ತಾನಾಗಿ ಒಪ್ಪುತ್ತದೆ.

ತಕರಾರು ಎದ್ದರೆ

ನಿಮ್ಮ ಊರಿನ ಹಳ್ಳವೋ ಕೆರೆಯೋ ಯಾರದ್ದೋ ವ್ಯವಹಾರದಲ್ಲಿ ಹೋಗುತ್ತಿದೆ ಎಂದು ಗೊತ್ತಾದರೆ ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಗಡುವು. ಸುಮ್ನೆ ‘ಎಲ್ಲ ಮಾಹಿತಿ ಕೊಡಿ’ ಎನ್ನಬೇಡಿ. ಸರ್ವೆ ನಂಬರ್ ಹಾಕಿ, ಮಂಜೂರಾತಿ ಅಥವಾ ಅದಲು ಬದಲಿನ ಪೂರ್ತಿ ಕಡತದ ನಕಲು, ಟಿಪ್ಪಣಿ ಹಾಳೆಗಳು, ಸ್ಥಳ ತನಿಖೆಯ ಮಹಜರು, ಸಣ್ಣ ನೀರಾವರಿ ಇಲಾಖೆಯ ಅಭಿಪ್ರಾಯದ ನಕಲು ಎಂದು ಬಿಡಿಬಿಡಿಯಾಗಿ ಕೇಳಿ.

ಜೊತೆಗೇ ತಹಶೀಲ್ದಾರರಿಗೆ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮ ನಕಾಶೆ, ಆಕಾರ್‌ಬಂದ್, ಫೋಟೋ ಲಗತ್ತಿಸಿ. ಒಬ್ಬರೇ ಬರೆಯುವ ಬದಲು ಅಚ್ಚುಕಟ್ಟಿನ ಹತ್ತು ಜನ ಪಹಣಿ ಸಮೇತ ಸಹಿ ಹಾಕಿದರೆ ತೂಕ ಬೇರೆ. ಕೆರೆಯ ಜಾಗವಾದರೆ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೂ ಒಂದು ಪ್ರತಿ ಕಳಿಸಿ. 2014ರ ಆ ಕಾಯ್ದೆ ಕೆರೆ ಎಂದರೆ ಬರೀ ನೀರು ನಿಲ್ಲುವ ಜಾಗ ಎನ್ನುವುದಿಲ್ಲ. ರಾಜಕಾಲುವೆ, ಏರಿ, ತೂಬು, ಕೋಡಿ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ.

ನಿಮ್ಮದೇ ಕಾಲುವೆಯನ್ನು ಪಕ್ಕದವರು ಮುಚ್ಚಿದ್ದರೆ ದಾರಿ ಸಿವಿಲ್ ನ್ಯಾಯಾಲಯ. ರೂಢಿಯ ಹಕ್ಕಿಗೆ ತಡೆ ಬಂದ ಎರಡು ವರ್ಷದೊಳಗೆ ದಾವೆ ಹಾಕಬೇಕು. ‘ಮುಂದಿನ ಮಳೆಗೆ ನೋಡೋಣ, ಹಿರಿಯರು ಹೇಳಿ ಬಿಡಿಸ್ತಾರೆ’ ಎಂದು ಕಾದರೆ ಆ ಎರಡು ವರ್ಷ ಕಳೆದುಹೋಗುತ್ತದೆ. ಹಿರಿಯರ ಮುಂದೆ ಪಂಚಾಯ್ತಿ ನಡೆಯಲಿ, ತಪ್ಪಲ್ಲ. ಮುಚ್ಚಿದ ತಾರೀಕನ್ನು ಮಾತ್ರ ಅಂದೇ ಬರೆದಿಟ್ಟುಕೊಂಡು, ಫೋಟೋ ತೆಗೆದು, ವಕೀಲರಿಂದ ಒಂದು ನೋಟಿಸ್ ಕೊಡಿಸಿರಿ.